ಜೇಬಿಲ್ಲದವನ ಕಿವಿ

ಮಾಟುಂಗದ ನಮ್ಮ ಚಾಳಿನಲ್ಲಿ ಇಪ್ಪತ್ತೆಂಟು ಖೋಲಿಗಳಿದ್ದವು. ನಮ್ಮ ಮನೆಯಲ್ಲಿ ಇವತ್ತು ಏನು ಸಾರು ಎಂಬುದು ಆ ಇಪ್ಪತ್ತೆಂಟಕ್ಕೂ ಗೊತ್ತಿರುತ್ತಿತ್ತು. ಕಾರಣ ನಾನೇ. ನನ್ನ ಗಂಡನಿಗೆ ಕಿವಿ ಕೇಳುತ್ತಿರಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳಬೇಕಾದರೂ ನಾನು ಹೊಟ್ಟೆಯಿಂದ ಉಸಿರು ಎಳೆದು ಕೂಗಬೇಕಿತ್ತು. ಕೂಗಿದ ಐದು ನಿಮಿಷಕ್ಕೆ ಎದುರು ಖೋಲಿಯ ಮರಾಠಿ ಅಜ್ಜಿ ಒಂದು ಬಟ್ಟಲು ಉಪ್ಪು ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಅವಳಿಗೆ ನಮ್ಮ ಭಾಷೆ ಬಾರದು, ಆದರೆ ನನ್ನನ್ನು ಕೇಳಿ ಕೇಳಿ ಉಪ್ಪು, ಬೆಲ್ಲ, ಸೀಮೆಎಣ್ಣೆ ಎಂಬ ಮೂರು ಶಬ್ದ ಕಲಿತಿದ್ದಳು.

ಮದುವೆಯಾಗುವಾಗ ಅವರಿಗೆ ಕಿವಿ ಚೆನ್ನಾಗಿಯೇ ಇತ್ತು. ಉಡುಪಿಯ ಕಡೆಯಿಂದ ನನ್ನನ್ನು ಮುಂಬೈಗೆ ಕರೆದುಕೊಂಡು ಬಂದ ಎಂಟನೆಯ ತಿಂಗಳಿಗೆ ಟೈಫಾಯ್ಡ್ ಬಂತು. ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಪೂರ್ತಿ ಅಲ್ಲ. ಹತ್ತಿರ ನಿಂತು ಗಟ್ಟಿಯಾಗಿ ಕೂಗಿದರೆ ಏನೋ ಒಂದಿಷ್ಟು ಒಳಗೆ ಹೋಗುತ್ತಿತ್ತು. ಎಂಟು ತಿಂಗಳು ನಾವಿಬ್ಬರೂ ಪಿಸುಮಾತಿನಲ್ಲೇ ಸಂಸಾರ ಮಾಡಿದವರು, ಚಾಳಿನಲ್ಲಿ ಬೇರೆ ದಾರಿ ಇಲ್ಲ. ಆಮೇಲಿನ ಒಂದೂವರೆ ವರ್ಷ ನಾನು ಬೀದಿಯಲ್ಲಿ ಮೀನು ಮಾರುವವಳ ಹಾಗೆ ಕೂಗಿದೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕೂಗಿ ಹೇಳಿದ ಮಾತೆಲ್ಲ ಜಗಳದ ಹಾಗೇ ಕೇಳಿಸುತ್ತಿತ್ತು.

ಅವರು ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಅಲ್ಲಿಯ ಕ್ರಮ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗಿರಾಕಿಗಳು ಕೂರುವ ಹೊರಗಿನ ಹಾಲಿಗೂ ಒಳಗಿನ ಅಡುಗೆಮನೆಗೂ ನಡುವೆ ಒಂದು ಕಿಟಕಿ. ಮಾಣಿ, ಅಂದರೆ ಬಡಿಸುವವನು, ಆ ಕಿಟಕಿಯ ಹತ್ತಿರ ಬಂದು "ಎರಡು ಮಸಾಲೆ, ಒಂದು ಸಾದಾ, ಒಂದು ಕಡಕ್" ಎಂದು ಕೂಗುತ್ತಾನೆ. ಕಾವಲಿಯವನು ತಿರುಗಿ ನೋಡುವುದಿಲ್ಲ, "ಹೋ" ಎನ್ನುತ್ತಾನೆ, ಅಷ್ಟೆ. ಚೀಟಿ ಇಲ್ಲ, ಬರೆಯುವುದಿಲ್ಲ. ಹತ್ತು ಹದಿನೈದು ಆರ್ಡರು ತಲೆಯಲ್ಲೇ ಸಾಲಾಗಿ ನಿಂತಿರುತ್ತವೆ. ದೋಸೆ ಹೊಯ್ಯಲು ಕೈ ಬೇಕು ಎಂದು ಜನ ತಿಳಿಯುತ್ತಾರೆ, ಕೈಗಿಂತ ಮೊದಲು ಕಿವಿ ಬೇಕು.

ಕಿವಿ ಹೋದದ್ದನ್ನು ನನ್ನ ಗಂಡ ಒಂದು ವರ್ಷ ಮುಚ್ಚಿಟ್ಟರು. ಹೇಗೆಂದರೆ, ಹೋಟೆಲಿಗೆ ಬರುವವರಲ್ಲಿ ಹೆಚ್ಚಿನವರು ತಿನ್ನುವುದು ಮಸಾಲೆ ದೋಸೆ. ಕಿಟಕಿಯಲ್ಲಿ ಮಾಣಿಯ ಮುಖ ಕಂಡರೆ ಬಾಯಿಯ ಆಕಾರ ನೋಡಿ ತಿಳಿದುಕೊಳ್ಳುತ್ತಿದ್ದರು. ಹಬೆಯಲ್ಲಿ ಮುಖ ಕಾಣದಿದ್ದರೆ "ಹೋ" ಎಂದು ಮಸಾಲೆ ಹೊಯ್ದು ಬಿಡುತ್ತಿದ್ದರು. ಸಾದಾ ಕೇಳಿದವನಿಗೂ ಮಸಾಲೆ, ಪಥ್ಯದ ಮುದುಕನಿಗೂ ಮಸಾಲೆ. ಮೊದಮೊದಲು ಗಿರಾಕಿಗಳು ಖುಷಿಪಟ್ಟರು. ಆಮೇಲೆ ಬೈಗುಳ ಶುರುವಾಯಿತು. ಹೋಟೆಲಿನ ಧಣಿ ಒಂದು ದಿನ ಅವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಮೂರು ಸಲ ಕರೆದರಂತೆ. ಇವರು ನಾಲ್ಕನೆಯ ದೋಸೆಗೆ ಹಿಟ್ಟು ಹೊಯ್ಯುತ್ತಲೇ ಇದ್ದರಂತೆ.

ಧಣಿ ಕೆಟ್ಟವರೇನಲ್ಲ. ನಮ್ಮ ಖೋಲಿಗೇ ಬಂದು, ಕುಳಿತು, ನಾನು ಕೊಟ್ಟ ಕಾಫಿ ಕುಡಿದು ಹೇಳಿದರು.

"ಚೌತಿ ಕಳೆದ ಮೇಲೆ ಊರಿಂದ ಕಾವಲಿಗೆ ಬೇರೆಯವ ಬರ್ತಾನೆ. ಇವನನ್ನು ಬಿಡುದಿಲ್ಲ ನಾನು. ರುಬ್ಬುವ ಕಲ್ಲಿನ ಹತ್ರ ಇರ್ಲಿ. ಅಲ್ಲಿ ಕಿವಿ ಬೇಡ. ಆದ್ರೆ ಈ ಖೋಲಿ ಕಾವಲಿಯವನಿಗೆ ಅಂತ ಇರುದು. ನಿನ್ನನ್ನು ಊರಿಗೆ ಕಳಿಸ್ಬೇಕಾಗ್ತದೆ ಮಗಾ."

ಕಾವಲಿ ಹೋದರೆ ಖೋಲಿ ಹೋಗುತ್ತದೆ. ಖೋಲಿ ಹೋದರೆ ನಾನು ತವರಿನ ಜಗಲಿಯಲ್ಲಿ, ಅವರು ಹೋಟೆಲಿನ ಅಟ್ಟದಲ್ಲಿ ಹನ್ನೆರಡು ಜನರ ನಡುವೆ. ಚೌತಿಗೆ ಆರು ವಾರ ಇತ್ತು. ಧಣಿ ಹೋದ ಮೇಲೆ ನನ್ನ ಗಂಡ ನನ್ನ ಮುಖ ನೋಡಿ, "ಎಂತ ಹೇಳಿದ್ರು?" ಎಂದು ಕೇಳಿದರು. ನಾನು ಕೂಗಿ ಹೇಳಲಿಲ್ಲ. ಬೆರಳಿನಿಂದ ಕಾವಲಿಯ ಹಾಗೆ ಒಂದು ಸುತ್ತು ಬರೆದು, ಕೈಯಾಡಿಸಿ ತೋರಿಸಿದೆ. ಅವರಿಗೆ ತಿಳಿಯಿತು.

ಅವರಿಗೆ ತಿಳಿಯದ ಇನ್ನೊಂದು ಸಂಗತಿ ಇತ್ತು. ನನಗೆ ಆಗ ಎರಡು ತಿಂಗಳು ತುಂಬುತ್ತಾ ಬಂದಿತ್ತು. ಇದನ್ನು ಹೇಗೆ ಹೇಳುವುದು? ಕೂಗಿದರೆ ಗಂಡನಿಗಿಂತ ಮೊದಲು ಇಪ್ಪತ್ತೆಂಟು ಖೋಲಿಗೆ ಗೊತ್ತಾಗುತ್ತದೆ. ಚೀಟಿ ಬರೆಯಬಹುದಿತ್ತು, ಅವರಿಗೆ ಓದಲು ಬರುತ್ತಿತ್ತು. ಆದರೆ ಚೊಚ್ಚಲ ಮಗುವಿನ ಸುದ್ದಿಯನ್ನು ಅಂಗಡಿಯ ಸಾಮಾನಿನ ಪಟ್ಟಿಯ ಹಾಗೆ ಬರೆದು ಕೊಡಲು ನನಗೆ ಮನಸ್ಸು ಬರಲಿಲ್ಲ. ಧಣಿ ಬಂದು ಹೋದ ಮೇಲಂತೂ ಬಾಯಿ ಬಿಗಿಹಿಡಿದೆ. ಈಗ ಹೇಳಿದರೆ ಅವರು ಸಂತೋಷಪಡುವುದಿಲ್ಲ, ಹೆದರುತ್ತಾರೆ. ಕಾವಲಿ ಉಳಿದ ಮೇಲೆ ಹೇಳುತ್ತೇನೆ ಎಂದುಕೊಂಡೆ.

ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ದಾದರಿನ ಕಡೆಯ ಒಬ್ಬ ಪಾರ್ಸಿ ಹೆಂಗಸು ನನಗೆ ಬಟ್ಟೆ ಕೊಡುತ್ತಿದ್ದಳು. ಅವಳ ಮನೆಯಲ್ಲಿ ಅವಳ ಮುದಿ ತಂದೆ ಕೋಟಿನ ಜೇಬಿನಲ್ಲಿ ಒಂದು ಡಬ್ಬಿ, ಡಬ್ಬಿಯಿಂದ ಕಿವಿಗೆ ಒಂದು ವಯರು ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಬಟ್ಟೆಯ ಅಳತೆ ತೆಗೆಯುವುದನ್ನು ಬಿಟ್ಟು ಆ ಡಬ್ಬಿಯನ್ನೇ ನೋಡುತ್ತಿದ್ದೆ. ಕಿವಿ ಕೇಳಿಸುವ ಮಿಷನ್ನು ಎಂದು ಅವಳು ಹೇಳಿದಾಗ ನನಗೆ ನಾಚಿಕೆ ಮರೆತುಹೋಯಿತು. ಬೆಲೆ ಎಷ್ಟು, ಒಳಗೆ ಏನಿದೆ, ಮಳೆಯಲ್ಲಿ ನೆನೆದರೆ ಏನಾಗುತ್ತದೆ, ಪೊಲೀಸರ ವಿಚಾರಣೆಯ ಹಾಗೆ ಒಂದೇ ಸಮನೆ ಕೇಳಿದೆ. ಅವಳು ನಕ್ಕು ಒಳಗೆ ಹೋಗಿ ಮೇಜಿನ ಡ್ರಾಯರಿನಿಂದ ಇನ್ನೊಂದು ಡಬ್ಬಿ ತಂದಳು.

"ಯೇ ಪಪ್ಪಾ ಕಾ ಪುರಾನಾವಾಲಾ. ಅಬ್ ನಯಾ ಛೋಟಾ ಆಯಾ ನೀ. ಲೇ ಜಾ, ತೇರೇ ಮರದ್ ಕೋ ದೇ. ಚಲಾ ತೋ ಚಲಾ." ಅಪ್ಪನ ಹಳೆಯದು, ನಿನ್ನ ಗಂಡನಿಗೆ ಕೊಡು, ನಡೆದರೆ ನಡೆಯಿತು ಎಂದಳು.

ಸೋಪಿನ ಡಬ್ಬಿಯಷ್ಟು ದೊಡ್ಡದು, ಅದಕ್ಕಿಂತ ಭಾರ. ಕಂದು ಬಣ್ಣದ ಚರ್ಮದ ಚೀಲ. ಮನೆಗೆ ಬಂದವಳೇ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರು ತೆಗೆದುಕೊಂಡು ಕುಳಿತೆ. ನನಗೆ ಬಿಚ್ಚಿ ನೋಡುವ ಚಟ. ಪಂಪ್ ಸ್ಟೌ, ಅಲಾರಂ ಗಡಿಯಾರ, ಬಾಗಿಲ ಬೀಗ, ಯಾವುದನ್ನೂ ಬಿಟ್ಟಿಲ್ಲ. ಒಳಗೆ ಕಡಲೆಕಾಯಿಯಷ್ಟು ಸಣ್ಣ ಮೂರು ಗಾಜಿನ ಬುರುಡೆ, ಕೂದಲಿನಂಥ ತಂತಿಗಳು. ಮುಟ್ಟದೆ ಹಾಗೇ ಮುಚ್ಚಿದೆ. ಸೆಲ್ಲು ಹಾಕಿ, ಗುಂಡಿ ತಿರುಗಿಸಿ, ನನ್ನ ಕಿವಿಗೇ ಇಟ್ಟುಕೊಂಡೆ.

ಅಬ್ಬಾ! ಮೋರಿಯಲ್ಲಿ ತೊಟ್ಟಿಕ್ಕುವ ನಲ್ಲಿ ಕೊಡಪಾನ ಬಡಿದ ಹಾಗೆ ಕೇಳಿಸಿತು. ತಗಡಿನ ಮೇಲೆ ಪಾರಿವಾಳದ ಉಗುರು ಕೆರೆಯುವುದು ಕೇಳಿಸಿತು. ಸೆರಗು ಸರಿಪಡಿಸಿಕೊಂಡರೆ ಯಾರೋ ರಟ್ಟು ಹರಿದ ಶಬ್ದ. ಅರ್ಧ ದಿನ ನಾನು ಹೊಲಿಗೆ ಬಿಟ್ಟು ಅದನ್ನು ಗಡಿಯಾರದ ಹತ್ತಿರ, ಒಲೆಯ ಹತ್ತಿರ, ಗೋಡೆಗೆ, ನನ್ನ ಹೊಟ್ಟೆಗೆ ಕೂಡ ಇಟ್ಟು ಕೇಳಿದೆ. ಹೊಟ್ಟೆಯಲ್ಲಿ ಕೇಳಿಸಿದ್ದು ಬರೀ ಮಧ್ಯಾಹ್ನದ ಊಟ.

ಸಂಜೆ ಅವರು ಬಂದರು. ಕಿವಿಗೆ ಸಿಕ್ಕಿಸಿ, ಮುಂದೆ ಕುಳಿತು, ಒಂದೂವರೆ ವರ್ಷದ ಅಭ್ಯಾಸ ನೋಡಿ, ಹೊಟ್ಟೆಯಿಂದ ಉಸಿರು ಎಳೆದು "ಕೇಳ್ತದಾ?" ಎಂದು ಕೂಗಿಬಿಟ್ಟೆ. ಅವರು ಹಾರಿಬಿದ್ದು ಅದನ್ನು ಕಿತ್ತರು. ಆಮೇಲೆ ನಗು ತಡೆಯಲಾಗದೆ ಇಬ್ಬರೂ ಗೋಡೆಗೆ ಒರಗಿದೆವು. "ಮನೆಯಲ್ಲಿ ಬೇಡ," ಎಂದರು. "ಸೆಲ್ಲು ಮುಗಿಯುದು ಬೇಡ. ಕಾವಲಿಗೆ ಇರ್ಲಿ." ಸರಿ ಎಂದೆ.

ಮರುದಿನ ಹೋಟೆಲಿಗೆ ತೆಗೆದುಕೊಂಡು ಹೋದರು, ಎರಡೇ ಗಂಟೆಯಲ್ಲಿ ಡಬ್ಬಿ ಮನೆಗೆ ವಾಪಸು ಬಂತು. ಆ ಮಿಷನ್ನು ಮಾಡಿದವನು ಕೋಟು ಹಾಕುವ ಮನುಷ್ಯ. ಜೇಬಿನಲ್ಲಿ ಇಡಲಿ ಎಂದು ಮಾಡಿದ್ದಾನೆ. ನಮ್ಮ ಅಡುಗೆಯವರು ಒಲೆಯ ಮುಂದೆ ಅಂಗಿ ಹಾಕುವುದಿಲ್ಲ. ಸೊಂಟಕ್ಕೆ ಪಂಚೆ, ಎದೆಯ ಮೇಲೆ ಜನಿವಾರ, ಅಷ್ಟೇ. ಜೇಬು ಎಲ್ಲಿಂದ ತರುವುದು? ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ಧಣಿ ನೋಡಿ, "ಚರ್ಮ! ಅಡುಗೆಮನೆಯೊಳಗೆ ಚರ್ಮ ತಂದೆಯಲ್ಲ!" ಎಂದು ತಲೆ ಚಚ್ಚಿಕೊಂಡರಂತೆ.

ನನಗೆ ಸಿಟ್ಟು ಬಂತು, ಆದರೆ ಧಣಿ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ರೇಷ್ಮೆ ಆದರೆ ಮಡಿಗೆ ಆಗುತ್ತದೆ. ಪೆಟ್ಟಿಗೆಯಿಂದ ಮದುವೆ ಸೀರೆಯ ರವಿಕೆ ತೆಗೆದು ಕತ್ತರಿಸಿದೆ. ಡಬ್ಬಿಯ ಅಳತೆಗೆ ಸರಿಯಾಗಿ ಚೀಲ, ಮಾತು ಒಳಗೆ ಹೋಗಲು ಎದುರಿಗೆ ಕಿಂಡಿ, ಕೊರಳಿಗೆ ಹಾಕಲು ದಾರ. ನನ್ನ ಹೊಲಿಗೆಯಲ್ಲಿ ಅಷ್ಟು ಚೆಂದದ್ದು ಇನ್ನೊಂದು ಇಲ್ಲ. ಧಣಿ ಒಪ್ಪಿದರು.

ಡಬ್ಬಿ ಒಪ್ಪಲಿಲ್ಲ. ಎದೆಯ ಮೇಲೆ ಚೀಲ ಉಜ್ಜಿದರೆ ಕಿವಿಯೊಳಗೆ ಪರಪರ. ಪಕ್ಕದಲ್ಲಿ ರುಬ್ಬುವ ಕಲ್ಲಿನ ಗಡಗಡ, ಎದುರು ಎಣ್ಣೆಯ ಚುಂಯ್ ಚುಂಯ್, ಇವೆಲ್ಲ ಒಂದೇ ಅಳತೆಯಲ್ಲಿ ಒಳಗೆ ನುಗ್ಗುತ್ತಿದ್ದವು. ಕಿಟಕಿಯಲ್ಲಿ ಮಾಣಿ ಕೂಗಿದ್ದು ಮಾತ್ರ ಅದರಲ್ಲಿ ಮುಳುಗಿ ಹೋಗುತ್ತಿತ್ತು. ಮೂರನೆಯ ದಿನ ಬೆವರು ಒಳಗಿಳಿದು ಡಬ್ಬಿ ಸತ್ತೇಹೋಯಿತು. ಅವರು ಮನೆಗೆ ಬಂದು ಅದನ್ನು ಚಾಪೆಯ ಮೇಲೆ ಎಸೆದರು.

"ಕಿವಿಯೊಳಗೆ ಗಿರಣಿ ಉಂಟು. ನನಗೆ ಬೇಡ ಇದು. ರುಬ್ಬುವ ಕಲ್ಲೇ ಸಾಕು."

"ನಿಮಗೆ ಸಾಕು! ನನಗೆ ಸಾಕಾ?" ಎಂದು ನಾನು ಕೂಗಿದೆ. ಇನ್ನೂ ಏನೇನೋ ಬಾಯಿಗೆ ಬಂದದ್ದೆಲ್ಲ ಕೂಗಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ ಕುಳಿತರು, ಎಷ್ಟು ತಿಳಿಯಿತೋ ಗೊತ್ತಿಲ್ಲ. ಆಮೇಲೆ ನಾನು ಅತ್ತೆ.

ಶ್ರಾವಣ, ಬಿಸಿಲಿನ ಸುಳಿವಿಲ್ಲ. ಡಬ್ಬಿಯನ್ನು ಬಿಚ್ಚಿ ಅಕ್ಕಿಯ ಡಬ್ಬದೊಳಗೆ ಹೂತಿಟ್ಟೆ. ಎರಡು ದಿನ ಬಿಟ್ಟು ತೆಗೆದರೆ ಬೆವರಿನ ವಾಸನೆ. ಗಾಳಿಗೆ ಇರಲಿ ಎಂದು ಬಾಗಿಲಿನ ಹೊರಗಿನ ಚಿಲಕಕ್ಕೆ ತೂಗುಹಾಕಿ, ವಯರನ್ನು ಸಂದಿಯಿಂದ ಒಳಗೆ ಎಳೆದು, ಜೀವ ಬಂದಿದೆಯೇ ನೋಡೋಣ ಎಂದು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಕಿವಿಗೆ ಇಟ್ಟೆ. ಖೋಲಿಯೊಳಗೆ ಸ್ಟೌ ಭರ್ರೋ ಎಂದು ಉರಿಯುತ್ತಿತ್ತು. ಆದರೂ ಹೊರಗೆ ಚಾಳಿನ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಆಡುವುದು ಅಕ್ಷರ ಅಕ್ಷರವಾಗಿ ಕೇಳಿಸಿತು. ಮಾತು ನನ್ನದೇ. ಈ ಹುಡುಗಿಯ ಗಂಟಲು ಹೇಗೆ ಉಳಿದಿದೆಯೋ ಎಂದಳು ಒಬ್ಬಳು. ಮುಖ ನೋಡು, ಮೂರು ತಿಂಗಳಿರಬೇಕು, ಗಂಡನಿಗೆ ಹೇಳಿದ್ದಾಳೋ ಇಲ್ಲವೋ ಎಂದಳು ಇನ್ನೊಬ್ಬಳು. ಅದು ಉಪ್ಪಿನ ಅಜ್ಜಿ.

ಮೈಯೆಲ್ಲ ಉರಿಯಿತು. ಬಾಗಿಲು ತೆಗೆದು ನಾಲ್ಕು ಮಾತು ಹೇಳೋಣ ಎಂದು ಎದ್ದವಳು ಅಲ್ಲೇ ನಿಂತೆ. ಸ್ಟೌ ನನ್ನಿಂದ ಎರಡು ಮೊಳ ದೂರ, ನಲ್ಲಿ ಮೂರು ಖೋಲಿ ಆಚೆ. ನನ್ನ ಕಿವಿಗೆ ಕೇಳಿಸಿದ್ದು ನಲ್ಲಿ! ಡಬ್ಬಿ ಎಲ್ಲಿರುತ್ತದೋ ಅಲ್ಲಿಯದನ್ನು ಕೇಳಿಸುತ್ತದೆ. ನಾನು ಎಲ್ಲಿ ಕುಳಿತರೆ ಅದಕ್ಕೇನು? ಕೋಟಿನವನು ಊರೆಲ್ಲ ಸುತ್ತುತ್ತಾನೆ, ಅವನಿಗೆ ಜೇಬು ಬೇಕು. ನನ್ನ ಗಂಡ ಬೆಳಗಿನ ಐದರಿಂದ ಸಂಜೆಯವರೆಗೆ ಒಂದೇ ಜಾಗದಲ್ಲಿ, ಕಂಬ ನೆಟ್ಟ ಹಾಗೆ ನಿಂತಿರುತ್ತಾರೆ. ಅವರು ಯಾಕೆ ಅದನ್ನು ಹೊರಬೇಕು? ಮಾಣಿ ಕೂಗುವ ಕಿಟಕಿಯ ಮೇಲೆ ಇಟ್ಟರೆ ಸಾಲದೇ?

ಕಿಂಗ್ಸ್ ಸರ್ಕಲಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಒಬ್ಬ ಮುದುಕನಿದ್ದ. ಡಬ್ಬಿ ಮುಂದಿಟ್ಟು, ಈ ವಯರು ಏಳು ಗಜ ಉದ್ದ ಆಗಬೇಕು ಎಂದೆ. ಅವನು ಕನ್ನಡಕ ಮೇಲೆತ್ತಿ ನೋಡಿದ.

"ಬಾಯಿ, ಯೇ ಜೇಬ್ ಮೇ ರಖನೇ ಕಾ ಚೀಜ್ ಹೈ." ಜೇಬಿನಲ್ಲಿ ಇಡುವುದಕ್ಕೆ ಯಾಕೆ ಇಷ್ಟುದ್ದ ಎಂಬುದು ಅವನ ಪ್ರಶ್ನೆ.

"ಜೇಬ್ ಇಚ್ ನಹೀ ಹೈ," ಜೇಬೇ ಇಲ್ಲ ಎಂದೆ.

ಅವನು ವಯರು ಅಳೆಯತೊಡಗಿದ. ಅಷ್ಟು ಉದ್ದಕ್ಕೆ ದನಿ ಸ್ವಲ್ಪ ಕುಂದುತ್ತದೆ ಎಂದ. ಕುಂದಲಿ, ಮಾಣಿಗಳ ಗಂಟಲು ಹೇಗಿದೆ ಎಂದು ಇವನಿಗೇನು ಗೊತ್ತು ಎಂದುಕೊಂಡೆ.

ಧಣಿಯನ್ನು ಒಪ್ಪಿಸಲು ನಾನೇ ಹೋದೆ. ಡಬ್ಬಿ ಕಿಟಕಿಯ ಹೊರಗಿನ ಹಲಗೆಯ ಮೇಲೆ, ಹಾಲಿನ ಕಡೆಗೆ ಇರುತ್ತದೆ, ಮತ್ತೆ ಅದರ ಚರ್ಮದ ಚೀಲದಲ್ಲೇ ಇಟ್ಟರೂ ಚರ್ಮ ಒಳಗೆ ಬರುವುದಿಲ್ಲ ಎಂದೆ. ಹೊರಗೆ ಗಿರಾಕಿಗಳ ಚಪ್ಪಲಿ, ಬೆಲ್ಟು ಇಲ್ಲವೇ? ವಯರು ಕಿಟಕಿಯಿಂದ ಮೇಲೆ ಹೋಗಿ, ತೊಲೆಯ ಮೊಳೆಗಳ ಮೇಲೆ ಹಾದು, ಕಾವಲಿಯ ನೆತ್ತಿಯಿಂದ ಅವರ ಕಿವಿಗೆ ಇಳಿಯುತ್ತದೆ. ಧಣಿ ಮಾಡಿನ ತೊಲೆ ನೋಡಿದರು, ನನ್ನನ್ನು ನೋಡಿದರು. "ಹಸುವನ್ನು ಕಟ್ಟಿ ಹಾಕಿದ ಹಾಗೆ ಆಯ್ತಲ್ಲ ಮಗಾ," ಎಂದರು. "ಆದಿತ್ಯವಾರ ನೋಡುವಾ. ಆದಿತ್ಯವಾರ ದಾಟಿದ್ರೆ ದಾಟಿದ." ಚೌತಿಗೆ ಹತ್ತು ದಿನ ಉಳಿದಿತ್ತು.

ಆ ಭಾನುವಾರ ನಾನು ಅಲ್ಲಿರಲಿಲ್ಲ. ಬೆಳಗಿನ ಗದ್ದಲದಲ್ಲಿ ಹೆಂಗಸಿಗೆ ಅಲ್ಲೇನು ಕೆಲಸ? ನನ್ನ ಗಂಡ ಒಂದು ರೀತಿ ಹೇಳಿದರು, ಹಿರಿಯ ಮಾಣಿ ಇನ್ನೊಂದು ರೀತಿ ಹೇಳಿದ, ಎರಡನ್ನೂ ಸೇರಿಸಿ ನಾನು ಹೇಳುತ್ತಿದ್ದೇನೆ. ಮೊದಲನೆಯ ಆರ್ಡರನ್ನು ಮಾಣಿ ರೂಢಿಯಂತೆ ಗಂಟಲು ಹರಿಯುವ ಹಾಗೆ ಕೂಗಿದ. ಒಳಗೆ ನನ್ನ ಗಂಡ ಬೆಚ್ಚಿ ಸೌಟನ್ನು ಹಿಟ್ಟಿನೊಳಗೆ ಬಿಟ್ಟರು. "ಕೂಗ್ಬೇಡ ಮಾರಾಯ! ಮೆಲ್ಲ ಹೇಳು!" ಎಂದು ಅಲ್ಲಿಂದ ಅವರು ಕೂಗಿದ್ದು ರಸ್ತೆಗೆ ಕೇಳಿಸಿತಂತೆ. ತಮ್ಮ ದನಿ ಎಷ್ಟು ದೊಡ್ಡದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ, ಡಬ್ಬಿ ಇದ್ದದ್ದು ಕಿಟಕಿಯಲ್ಲಲ್ಲವೇ.

ಅಂದಿನಿಂದ ಮಾಣಿಗಳು ಕಿಟಕಿಗೆ ಬಂದು, ಬಾಗಿ, ದೇವರಿಗೆ ಹರಕೆ ಹೇಳಿಕೊಳ್ಳುವ ಹಾಗೆ "ಎರಡು ಮಸಾಲೆ, ಒಂದು ಸಾದಾ" ಎನ್ನಬೇಕಾಯಿತು. ಎಂಟು ಗಂಟೆಗೆ ಜನ ತುಂಬಿದಾಗ ಧಣಿ ಗಲ್ಲಾ ಬಿಟ್ಟು ಎದ್ದು ಬಂದರು. ಮಾಣಿಯನ್ನು ಸರಿಸಿ, ಕಾವಲಿಗೆ ಕಾಣದ ಹಾಗೆ ಗೋಡೆಯ ಬದಿಗೆ ನಿಂತು, ಪಿಸುದನಿಯಲ್ಲಿ ಹೇಳಿದರು: "ನಾಲ್ಕು ಸಾದಾ. ಅದ್ರಲ್ಲಿ ಒಂದು ಕಡಕ್, ಒಂದಕ್ಕೆ ಎಣ್ಣೆ ಬೇಡ."

"ಹೋ," ಎಂದು ಕಾವಲಿಯಿಂದ ಬಂತು.

ನಾಲ್ಕು ಸಾದಾ ಬಂದವು. ಒಂದು ಕಡಕ್, ಒಂದು ಎಣ್ಣೆ ಇಲ್ಲದ್ದು. ಎಣ್ಣೆ ಇಲ್ಲದ್ದನ್ನು ಧಣಿ ಅಲ್ಲೇ ನಿಂತು ತಿಂದರಂತೆ. ಚೌತಿ ಕಳೆದು ಊರಿನಿಂದ ಬಂದವನನ್ನು ಕಾಫಿಯ ಹತ್ತಿರ ನಿಲ್ಲಿಸಿದರು.

ಅಂದು ಮನೆಗೆ ಬಂದವರ ಮುಖ ನೋಡಿ ನನಗೆ ಏನೂ ಕೇಳಬೇಕಾಗಲಿಲ್ಲ. ಆದರೆ ಅವರಿಗೆ ಹೇಳಲು ಇನ್ನೂ ದೊಡ್ಡ ಸುದ್ದಿ ಇತ್ತು. ಡಬ್ಬಿ ಹಾಲಿನ ಕಡೆಗೆ ಇರುವುದರಿಂದ ಕಿಟಕಿಯ ಹತ್ತಿರದ ಮೇಜಿನ ಮಾತೆಲ್ಲ ಅವರಿಗೆ ಕೇಳಿಸಿತ್ತು! ಒಬ್ಬ ಕಾಲೇಜು ಮಾಸ್ತರು ಹೆಂಡತಿಗೆ ಹೇಳಿದನಂತೆ, ಇಂಥ ದೋಸೆ ನೀನು ಏಳು ಜನ್ಮಕ್ಕೂ ಮಾಡಲಾರೆ ಎಂದು. ಹನ್ನೊಂದು ವರ್ಷ ದೋಸೆ ಹೊಯ್ದವರು, ಅದನ್ನು ತಿನ್ನುವವರ ಬಾಯಿಂದ ಒಂದು ಮಾತು ಕೇಳಿದ್ದು ಅದೇ ಮೊದಲು. ಕಿವಿ ಇದ್ದ ಕಾಲದಲ್ಲೂ ಕೇಳಿರಲಿಲ್ಲ. ಅದನ್ನು ಅವರು ಮೂರು ಸಲ ಹೇಳಿದರು, ಗಟ್ಟಿಯಾಗಿ, ಚಾಳಿಗೆಲ್ಲ ಗೊತ್ತಾಯಿತು.

ಕಾವಲಿ ಉಳಿಯಿತು, ಖೋಲಿ ಉಳಿಯಿತು. ಇನ್ನು ನನ್ನ ಸುದ್ದಿ ಹೇಳಬೇಕು. ಆದರೆ ಹೇಗೆ? ಡಬ್ಬಿ ಹೋಟೆಲಿನ ಹಲಗೆಯ ಮೇಲಿತ್ತು, ವಯರು ತೊಲೆಗೆ ಮೊಳೆ ಹೊಡೆದು ಬಿಗಿಯಾಗಿತ್ತು. ನಾನೇ ಕೈಯಾರೆ ಅವರ ಕಿವಿಯನ್ನು ಹೋಟೆಲಿಗೆ ಕೊಟ್ಟು ಬಂದಿದ್ದೆ. ಮಾಣಿಗಳು ನನ್ನ ಗಂಡನ ಜೊತೆ ಮೆಲ್ಲಗೆ ಮಾತಾಡುತ್ತಾರೆ, ನಾನು ಮಾತ್ರ ಕೂಗುತ್ತೇನೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಲ್ಲ. ಇಡೀ ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಜನ ಕಡಿಮೆಯಿರುವ ಹೊತ್ತು ನೋಡಿ, ಸೀರೆ ಬದಲಿಸಿ ಹೋಟೆಲಿಗೆ ಹೋದೆ. ಧಣಿ ಗಲ್ಲಾದಿಂದ "ಎಂತ ಮಗಾ?" ಎಂದರು. ನಾನು ನೆಟ್ಟಗೆ ಕಿಟಕಿಗೆ ನಡೆದೆ. ಹಿರಿಯ ಮಾಣಿ ಏನೆಂದುಕೊಂಡನೋ, ಸರಿದು ದಾರಿ ಬಿಟ್ಟ. ಒಳಗೆ ಅವರ ಬೆವರಿದ ಬೆನ್ನು ಕಾಣಿಸಿತು, ಮೇಲಿನಿಂದ ಇಳಿದ ವಯರು ಕಾಣಿಸಿತು. ಆಗತಾನೇ ಒಂದು ದೋಸೆ ಹೊಯ್ದಿದ್ದರು. ನಾನು ಡಬ್ಬಿಯ ಹತ್ತಿರ ಬಾಗಿದೆ. ಒಂದೂವರೆ ವರ್ಷದ ಮೇಲೆ ಗಂಡನ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಲು ನನಗೆ ನಾಚಿಕೆಯಾಯಿತು.

"ನಾನು," ಎಂದೆ. "ನಮಗೊಂದು ಮಗು ಆಗ್ಲಿಕ್ಕುಂಟು."

"ಹೋ," ಎಂದರು ಅವರು, ರೂಢಿಯಿಂದ.

ಆಮೇಲೆ ಕೈ ನಿಂತಿತು. ಬೆನ್ನು ಹಾಗೇ ನಿಂತಿತು. ಕಾವಲಿಯ ಮೇಲಿನ ದೋಸೆ ಕಂದಾಯಿತು, ಕರಿಯಾಯಿತು, ಹೊಗೆ ಎದ್ದಿತು. ಹನ್ನೊಂದು ವರ್ಷದಲ್ಲಿ ಅವರು ಸುಟ್ಟ ದೋಸೆ ಅದೊಂದೇ ಎಂದು ಮಾಣಿ ಆಮೇಲೆ ಹೇಳುತ್ತಿದ್ದ. ಅವರು ತಿರುಗಿದರು. ನನ್ನನ್ನು ನೋಡಿ, ಕಣ್ಣು ತುಂಬಿಕೊಂಡು, ತಮ್ಮ ದನಿ ಎಷ್ಟಿದೆ ಎಂಬ ಅಂದಾಜೇ ಇಲ್ಲದೆ, ಹಾಲಿನಲ್ಲಿ ಕುಳಿತವರೆಲ್ಲ ಲೋಟ ಕೆಳಗಿಟ್ಟು ತಿರುಗುವ ಹಾಗೆ ಕೂಗಿದರು:

"ಯಾವಾಗ?"

ಧಣಿ ಗಲ್ಲಾದಲ್ಲಿ ಎದ್ದು ನಿಂತರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೋಡಲಿ. ನಾನು ಮತ್ತೆ ಡಬ್ಬಿಗೆ ಬಾಗಿ, ಇನ್ನೂ ಮೆಲ್ಲಗೆ, "ಶಿವರಾತ್ರಿ ಕಳೆದು" ಎಂದೆ. ಪಕ್ಕದಲ್ಲೇ ನಿಂತಿದ್ದ ಮಾಣಿಗೆ ಅದು ಕೇಳಿಸಲಿಲ್ಲ. ನನ್ನ ಗಂಡನಿಗೆ ಕೇಳಿಸಿತು.